ಅಲ್ಪವಿರಾಮಕ್ಕೆ ನೆಲೆ ಕೊಟ್ಟ ಮೇಷ್ಟ್ರು: ಆಲ್ಡಸ್ ಮನೂಷಿಯಸ್

ಅಭ್ಯಾಸ ಬೋಧನೆ ಶುರುವಾದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಇಷ್ಟಪಟ್ಟು ಆರಿಸಿಕೊಳ್ಳುವ ಪಾಠಗಳಲ್ಲಿ ಲೇಖನ ಚಿಹ್ನೆಗಳ ಪಾಠವೂ ಒಂದು. ಚಾರ್ಟು ಬರೆಯುವುದು ಸುಲಭ. ಚಿಹ್ನೆಗೊಂದು ವಾಕ್ಯ ಕೊಟ್ಟರೆ ಅವಧಿ ಮುಗಿಯುತ್ತದೆ. ಮೌಲ್ಯಮಾಪನದ ಪ್ರಶ್ನೆಗಳಿಗೂ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪೂರ್ಣವಿರಾಮಕ್ಕೆ, ಪ್ರಶ್ನಾರ್ಥಕಕ್ಕೆ ಈ ಕ್ರಮ ಸಾಕು. ಅಲ್ಪವಿರಾಮಕ್ಕೆ ಬಂದಾಗ ಮಾತ್ರ, ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತ ನನಗೆ ಸ್ವಲ್ಪ ಇರುಸುಮುರುಸಾಗುತ್ತದೆ. ಹಲಗೆಯ ಮೇಲೆ ಎರಡು ಮೂರು ನಿಯಮಗಳು ಬರುತ್ತವೆ: ಒಂದೇ ಬಗೆಯ ಪದಗಳು ಸಾಲಾಗಿ ಬಂದಾಗ, ಸಂಬೋಧನೆಯ ನಂತರ, ಹೀಗೆ. ಅದರ ಬೆನ್ನಿಗೇ, ರಾಜಾಜ್ಞೆಯಲ್ಲಿ ಅಲ್ಪವಿರಾಮ ಜಾಗ ತಪ್ಪಿದ್ದರಿಂದ ಕೈದಿಯೊಬ್ಬ ಗಲ್ಲಿಗೇರಿದ ಕಥೆ. ಮಕ್ಕಳು ನಗುತ್ತಾರೆ, ಗಂಟೆ ಹೊಡೆಯುತ್ತದೆ.

ಆ ಕಥೆ ನನಗೆ ಹಿಡಿಸುವುದಿಲ್ಲ. ಅಲ್ಪವಿರಾಮದ ಕೆಲಸ ಅಷ್ಟು ಭಯಂಕರವಾದದ್ದಲ್ಲ. ಅದು ಸಣ್ಣ ಕೆಲಸ, ದಿನನಿತ್ಯದ ಕೆಲಸ, ಬಹಳ ಸಲ ಹಾಕಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ‘ಆದರೆ’ ಎಂಬ ಪದದ ಹಿಂದೆ ನಾನು ಅಲ್ಪವಿರಾಮ ಹಾಕುತ್ತೇನೆ, ಮುಂದೆ ಹಾಕುವುದಿಲ್ಲ. ನನ್ನ ಪಕ್ಕದ ಕೊಠಡಿಯಲ್ಲಿ ಕುಳಿತುಕೊಳ್ಳುವ ಅಧ್ಯಾಪಕರು ಮುಂದೆಯೇ ಹಾಕುತ್ತಾರೆ. ಇಬ್ಬರ ಬರಹವೂ ಓದುವವರಿಗೆ ತಿಳಿಯುತ್ತದೆ. ಹೀಗಿರುವಾಗ ಎಂಟನೆಯ ತರಗತಿಯ ಮಗುವಿನ ಪುಸ್ತಕದಲ್ಲಿ ಕೆಂಪು ಶಾಯಿ ಯಾವ ಧೈರ್ಯದ ಮೇಲೆ ಓಡಾಡಬೇಕು? ಈ ಪ್ರಶ್ನೆ ಮನಸ್ಸಿನಲ್ಲಿದ್ದುದರಿಂದಲೇ ಈ ಸಂಚಿಕೆಗೆ ನಾನು ಆರಿಸಿಕೊಂಡದ್ದು ಆಲ್ಡಸ್ ಮನೂಷಿಯಸ್‌ನ ಜೀವನ. ಇಟಲಿಯವರು ಅವನನ್ನು ಆಲ್ಡೊ ಮನೂಟ್ಸಿಯೊ ಎನ್ನುತ್ತಾರೆ. ಜಗತ್ತು ಅವನನ್ನು ಮುದ್ರಕನೆಂದು ನೆನೆಯುತ್ತದೆ. ನಮ್ಮ ಕಾಲೇಜಿನವರು ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ನಲವತ್ತು ದಾಟುವವರೆಗೆ ಅವನು ಮೇಷ್ಟ್ರಾಗಿದ್ದ.

ರೋಮ್ ನಗರದ ದಕ್ಷಿಣಕ್ಕೆ ಬೆಟ್ಟದ ಮೇಲೆ ಬಸ್ಸಿಯಾನೊ ಎಂಬ ಸಣ್ಣ ಊರು. ಆಲ್ಡಸ್ ಅಲ್ಲಿ ಹುಟ್ಟಿದ್ದು 1450ರ ಆಸುಪಾಸಿನಲ್ಲಿ. ಜರ್ಮನಿಯಲ್ಲಿ ಗುಟೆನ್‌ಬರ್ಗ್ ತನ್ನ ಬೈಬಲ್ ಅಚ್ಚು ಮಾಡಿದ್ದು 1455ರ ಸುಮಾರಿಗೆ. ಎಂದರೆ ಈ ಹುಡುಗನೂ ಅಚ್ಚಿನ ಕಲೆಯೂ ಒಟ್ಟಿಗೆ ಬೆಳೆದವು ಎನ್ನಬಹುದು. ಬಾಲ್ಯದಲ್ಲಿ ಅವನಿಗೆ ಸಿಕ್ಕ ಲ್ಯಾಟಿನ್ ಪಾಠ ಮಾತ್ರ ಹಳೆಯ ಬಗೆಯದು. ಆ ಕಾಲದ ಶಾಲೆಗಳಲ್ಲಿ ಅಲೆಕ್ಸಾಂಡರ್ ಎಂಬಾತ ಪದ್ಯದಲ್ಲಿ ಬರೆದಿಟ್ಟ ವ್ಯಾಕರಣವೊಂದಿತ್ತು. ಅರ್ಥವಾಗಲಿ ಬಿಡಲಿ, ಮಕ್ಕಳು ಅದನ್ನು ಕಂಠಪಾಠ ಮಾಡಬೇಕು. ಆಲ್ಡಸ್‌ನೂ ಮಾಡಿದ. ಆ ಕಹಿ ಅವನ ನಾಲಗೆಯಿಂದ ಹೋಗಲಿಲ್ಲ. ಮುಂದೆ ತಾನು ಅಚ್ಚು ಹಾಕಿದ ಪುಸ್ತಕದ ಮುನ್ನುಡಿಯಲ್ಲಿ ಅದನ್ನು ನೆನೆದು ಬೇಸರಪಟ್ಟುಕೊಂಡಿದ್ದಾನೆ. ಕಂಠಪಾಠದ ವಿರುದ್ಧ ನಾವು ಬರೆಯುವ ಲೇಖನಗಳಿಗೆ ಐನೂರು ವರ್ಷ ಹಿಂದಿನ ಸಾಕ್ಷಿ ಇದು.

ರೋಮ್‌ನಲ್ಲಿ ಲ್ಯಾಟಿನ್, ಆಮೇಲೆ ಫೆರಾರಾದಲ್ಲಿ ಬತ್ತಿಸ್ತ ಗ್ವಾರಿನೊನ ಬಳಿ ಗ್ರೀಕ್. ಆಗಿನ ಇಟಲಿಯಲ್ಲಿ ಗ್ರೀಕ್ ಕಲಿತವನಿಗೆ ಬೆಲೆಯಿತ್ತು. ಕಾನ್‌ಸ್ಟಾಂಟಿನೋಪಲ್ 1453ರಲ್ಲಿ ತುರ್ಕರ ವಶವಾದ ಮೇಲೆ ಗ್ರೀಕ್ ಪಂಡಿತರು ಹಸ್ತಪ್ರತಿಗಳ ಗಂಟು ಹೊತ್ತು ಇಟಲಿಗೆ ಬಂದಿದ್ದರು. ಗೆಳೆಯ ಪೀಕೊ ದೆಲ್ಲ ಮಿರಾಂಡೊಲನ ಮೂಲಕ ಆಲ್ಡಸ್‌ಗೆ ಒಂದು ಕೆಲಸ ದೊರೆಯಿತು. ಪೀಕೊನ ಅಕ್ಕ ಕತೆರೀನ ಕಾರ್ಪಿ ಎಂಬ ಸಣ್ಣ ಸಂಸ್ಥಾನದ ರಾಣಿ. ಆಕೆಯ ಇಬ್ಬರು ಮಕ್ಕಳು ಆಲ್ಬೆರ್ತೊ ಮತ್ತು ಲಿಯೊನೆಲ್ಲೊ. ಇವರಿಗೆ ಪಾಠ ಹೇಳಲು ಆಲ್ಡಸ್ 1480ರ ವೇಳೆಗೆ ಕಾರ್ಪಿಗೆ ಹೋದ. ಹತ್ತಿರಹತ್ತಿರ ಹತ್ತು ವರ್ಷ ಅಲ್ಲಿದ್ದ. ಇಬ್ಬರೇ ವಿದ್ಯಾರ್ಥಿಗಳು, ಪಕ್ಕದಲ್ಲೇ ಕುಳಿತ ಮೇಷ್ಟ್ರು. ಹುಡುಗ ವಾಕ್ಯದ ನಡುವೆ ತಡವರಿಸಿದರೆ ಬೆರಳಿಟ್ಟು ಇಲ್ಲಿ ನಿಲ್ಲು, ಇದು ಅದಕ್ಕೆ ಸೇರಿದ್ದು ಎಂದು ತೋರಿಸಬಹುದಾದ ತರಗತಿ. ನಮ್ಮ ಪ್ರಶಿಕ್ಷಣಾರ್ಥಿಗಳು ಸೂಕ್ಷ್ಮ ಬೋಧನೆಯಲ್ಲಿ ಐದಾರು ಜನ ಗೆಳೆಯರ ಮುಂದೆ ನಿಂತು ಪಾಠ ಮಾಡುವುದು ನೆನಪಾಗುತ್ತದೆ. ಕೇಳುವವರು ಕಡಿಮೆಯಿದ್ದಾಗ ಎಲ್ಲವೂ ಸಲೀಸು.

ಸುಮಾರು 1489–90ರಲ್ಲಿ ಆಲ್ಡಸ್ ಆ ಸುಖವನ್ನು ಬಿಟ್ಟು ವೆನಿಸ್‌ಗೆ ಬಂದ. ಯೂರೋಪಿನಲ್ಲಿ ಅಚ್ಚಿನ ಮನೆಗಳು ದಟ್ಟವಾಗಿದ್ದ ಊರು ಅದು. ಕಾರ್ಡಿನಲ್ ಬೆಸ್ಸಾರಿಯೋನ್ ತನ್ನ ಗ್ರೀಕ್ ಹಸ್ತಪ್ರತಿಗಳನ್ನು 1468ರಲ್ಲಿ ಆ ಊರಿಗೇ ದಾನ ಮಾಡಿದ್ದ. ಆಲ್ಡಸ್ ಮೊದಲು ತಾನು ಬರೆದ ಲ್ಯಾಟಿನ್ ವ್ಯಾಕರಣವನ್ನು 1493ರಲ್ಲಿ ಆಂದ್ರೆಯ ತೊರೆಸಾನಿ ಎಂಬ ಅನುಭವಿ ಮುದ್ರಕನಿಂದ ಅಚ್ಚು ಹಾಕಿಸಿದ. ಆಮೇಲೆ ಅವನ ಜೊತೆ, ಬಾರ್ಬರಿಗೊ ಮನೆತನದ ಶ್ರೀಮಂತನೊಬ್ಬನ ಹಣದ ಜೊತೆ, ತಾನೇ ಮುದ್ರಣಕ್ಕೆ ಇಳಿದ. ತಾರೀಖು ಹೊತ್ತು ಬಂದ ಅವನ ಮೊದಲ ಪುಸ್ತಕ 1495ರದು. ಅದೂ ಪಠ್ಯಪುಸ್ತಕವೇ, ಲಾಸ್ಕರಿಸ್ ಬರೆದ ಗ್ರೀಕ್ ವ್ಯಾಕರಣ. ಬೆನ್ನಿಗೇ ಅರಿಸ್ಟಾಟಲ್‌ನ ಗ್ರಂಥಗಳು ಐದು ದೊಡ್ಡ ಸಂಪುಟಗಳಲ್ಲಿ 1498ರೊಳಗೆ ಹೊರಬಂದವು. ನಲವತ್ತು ದಾಟಿದ ಮೇಷ್ಟ್ರೊಬ್ಬ ಶಾಯಿ, ಮೊಳೆ, ಸಾಲಸೋಲದ ವ್ಯವಹಾರಕ್ಕೆ ಏಕೆ ಬಿದ್ದ? ನನ್ನ ತಿಳಿವಳಿಕೆಯಂತೆ ಅವನು ಪಾಠ ಹೇಳುವುದನ್ನು ಬಿಡಲಿಲ್ಲ. ಎದುರಿಗೆ ಇಲ್ಲದ ವಿದ್ಯಾರ್ಥಿಗೆ ಪಾಠ ಹೇಳಲು ಹೊರಟ. ಅಲ್ಲಿಂದ ಅವನ ಕಷ್ಟ ಶುರುವಾಯಿತು. ಎದುರಿಗೆ ಇಲ್ಲದವನಿಗೆ ಬೆರಳಿಟ್ಟು ತೋರಿಸುವುದು ಹೇಗೆ?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಳೆಯ ಗ್ರೀಕರೂ ರೋಮನರೂ ಪದಗಳ ನಡುವೆ ಜಾಗ ಬಿಡದೆ ಬರೆಯುತ್ತಿದ್ದರು. ಕ್ರಿಸ್ತಪೂರ್ವ 200ರ ಸುಮಾರಿಗೆ ಅಲೆಕ್ಸಾಂಡ್ರಿಯದ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಬೈಜಾಂಟಿಯಂನ ಅರಿಸ್ಟೊಫನೀಸ್ ಎಂಬ ಪಂಡಿತ ಮೂರು ಎತ್ತರಗಳಲ್ಲಿ ಚುಕ್ಕೆಯಿಡುವ ಪದ್ಧತಿ ತಂದ. ಗಟ್ಟಿಯಾಗಿ ಓದುವವನು ಎಷ್ಟು ಹೊತ್ತು ನಿಲ್ಲಬೇಕು ಎಂಬುದಕ್ಕೆ ಅದು ಗುರುತು. ‘ಕಾಮಾ’ ಎಂಬ ಹೆಸರೂ ಅಲ್ಲಿಯದೇ. ಗ್ರೀಕಿನಲ್ಲಿ ಅದರ ಅರ್ಥ ಕತ್ತರಿಸಿದ ತುಂಡು. ಮೊದಲು ಆ ಹೆಸರಿದ್ದದ್ದು ವಾಕ್ಯದ ತುಂಡಿಗೆ, ಚಿಹ್ನೆಗೆ ಆಮೇಲೆ ಬಂತು. ಮಧ್ಯಯುಗದ ಲಿಪಿಕಾರರು ಒಬ್ಬೊಬ್ಬರು ಒಂದೊಂದು ರೀತಿ ಚುಕ್ಕೆ ಗೆರೆಗಳನ್ನು ಹಾಕಿದರು. ಸಣ್ಣ ವಿರಾಮಕ್ಕೆ ಬಳಕೆಯಾದ ಒಂದು ಗುರುತು ಓರೆಗೆರೆ. ಲ್ಯಾಟಿನ್ನಿನಲ್ಲಿ ಅದನ್ನು ಸಣ್ಣ ಕಡ್ಡಿ ಎನ್ನುತ್ತಿದ್ದರು, ಅದರಿಂದಲೇ ಫ್ರೆಂಚರು ಇಂದಿಗೂ ಅಲ್ಪವಿರಾಮವನ್ನು ‘ವಿರ್ಗ್ಯೂಲ್’ ಎಂದೂ ಇಟಲಿಯವರು ‘ವಿರ್ಗೊಲ’ ಎಂದೂ ಕರೆಯುತ್ತಾರೆ. ನಮ್ಮ ತಾಳೆಗರಿಗಳ ಕಥೆಯೂ ಹೆಚ್ಚು ಬೇರೆಯಲ್ಲ. ಪದಗಳು ಕೂಡಿಕೊಂಡೇ ಇರುತ್ತಿದ್ದವು. ಪದ್ಯದ ಕೊನೆಗೆ ಒಂದೋ ಎರಡೋ ನಿಲುಗೆರೆ, ನಡುವೆ ಅಲ್ಪವಿರಾಮವೆಂಬುದೇ ಇಲ್ಲ. ಗಮಕಿಗೆ ಅದು ಬೇಕಾಗಿಯೂ ಇರಲಿಲ್ಲ. ಎಲ್ಲಿ ನಿಲ್ಲಬೇಕೆಂಬುದು ಅವನ ಕಿವಿಯಲ್ಲೂ ಗುರುವಿನ ಬಾಯಲ್ಲೂ ಇತ್ತು.

ಅಂದರೆ ಚಿಹ್ನೆ ಹುಟ್ಟಿದ್ದು ಉಸಿರಿಗಾಗಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಆದರ್ಶ ವಾಚನಕ್ಕಾಗಿ. ಉಸಿರು ಎಳೆದುಕೊಳ್ಳುವಲ್ಲಿ ಅಲ್ಪವಿರಾಮ ಹಾಕು ಎಂದು ಇಂದಿಗೂ ಕೆಲವು ತರಗತಿಗಳಲ್ಲಿ ಹೇಳಿಕೊಡುವುದು ಆ ಹಳೆಯ ಕಾಲದ ಉಳಿಕೆ. ಈ ಸಲಹೆ ಪೂರ್ತಿ ಸುಳ್ಳೇನೂ ಅಲ್ಲ, ಆದರೆ ಮಕ್ಕಳ ಉಸಿರು ಒಂದೇ ಅಳತೆಯದಲ್ಲ. ಓಡಿಬಂದು ಕುಳಿತ ಹುಡುಗ ಮೂರು ಪದಕ್ಕೊಂದು ಅಲ್ಪವಿರಾಮ ಹಾಕಬೇಕಾದೀತು.

ಆಲ್ಡಸ್‌ನ ಅಚ್ಚಿನ ಮನೆಯಿಂದ 1496ರಲ್ಲಿ ಒಂದು ಪುಟ್ಟ ಪುಸ್ತಕ ಬಂತು. ಅರುವತ್ತು ಪುಟಗಳಷ್ಟು. ಹೆಸರು ‘ದೆ ಏತ್ನ’. ಬರೆದವನು ಪಿಯೆತ್ರೊ ಬೆಂಬೊ ಎಂಬ ವೆನಿಸ್ಸಿನ ತರುಣ. ಸಿಸಿಲಿಯಲ್ಲಿ ಲಾಸ್ಕರಿಸ್‌ನ ಬಳಿ ಗ್ರೀಕ್ ಕಲಿಯುತ್ತಿದ್ದಾಗ ಏತ್ನ ಅಗ್ನಿಪರ್ವತವನ್ನು ಹತ್ತಿಬಂದ ಕಥೆಯನ್ನು ತಂದೆಯೊಂದಿಗಿನ ಸಂಭಾಷಣೆಯಾಗಿ ಬರೆದಿದ್ದ. ಲಾಸ್ಕರಿಸ್‌ನ ವ್ಯಾಕರಣದ ಹಸ್ತಪ್ರತಿಯನ್ನು ಆಲ್ಡಸ್‌ಗೆ ತಂದುಕೊಟ್ಟವನೂ ಇವನೇ. ಪುಸ್ತಕದ ವಿಷಯ ಈಗ ಯಾರಿಗೂ ಬೇಕಾಗಿಲ್ಲ. ಮೊಳೆಗಳ ಚೆಂದಕ್ಕೆ, ಚಿಹ್ನೆಗಳ ಹೊಸತನಕ್ಕೆ ಅದು ಹೆಸರಾಗಿದೆ. ಮೊಳೆ ಕೊರೆದವನು ಬೊಲೋನ್ಯದ ಫ್ರಾಂಚೆಸ್ಕೊ ಗ್ರಿಫೊ. ನಾವು ಅರ್ಧವಿರಾಮ ಎನ್ನುವ, ಚುಕ್ಕೆಯ ಕೆಳಗೆ ಕೊಕ್ಕೆಯಿರುವ ಚಿಹ್ನೆ ಅಚ್ಚಿನಲ್ಲಿ ಮೊದಲು ಕಂಡದ್ದು ಇದರಲ್ಲಿ. ಹಳೆಯ ಓರೆಗೆರೆ ಗಿಡ್ಡವಾಗಿ, ಸಾಲಿನ ಬುಡಕ್ಕೆ ಇಳಿದು, ಬಾಗಿ, ಇಂದಿನ ಅಲ್ಪವಿರಾಮದ ರೂಪದಲ್ಲಿ ನೆಲೆನಿಂತದ್ದೂ ಆಲ್ಡಸ್‌ನ ಪುಸ್ತಕಗಳ ಮೂಲಕವೇ. ಇದನ್ನೆಲ್ಲ ಆಲ್ಡಸ್ ಒಬ್ಬನೇ ಕಂಡುಹಿಡಿದ ಎಂದು ಹಲಗೆಯ ಮೇಲೆ ಬರೆಯಬೇಡಿ. ಬೆಂಬೊನ ಅಭಿರುಚಿ, ಗ್ರಿಫೊನ ಕೈ, ಆಲ್ಡಸ್‌ನ ಒಪ್ಪಿಗೆ ಮೂರೂ ಅದರಲ್ಲಿವೆ. ಒಂದು ಅಚ್ಚಿನ ಮನೆ ಒಂದು ಚಿಹ್ನೆಯನ್ನು ಪಟ್ಟುಹಿಡಿದು ಬಳಸಿತು, ಉಳಿದವರು ನೋಡಿ ಕಲಿತರು. ಭಾಷೆಯಲ್ಲಿ ಬಹಳ ಸಂಗತಿಗಳು ಹೀಗೇ ನೆಲೆಗೊಳ್ಳುತ್ತವೆ, ಆಜ್ಞೆಯಿಂದ ನೆಲೆಗೊಳ್ಳುವುದು ಕಡಿಮೆ.

ಇಲ್ಲಿ ನಮ್ಮ ಶಾಲೆಯೊಂದರ ವಾಕ್ಯವನ್ನು ತರಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಅಭ್ಯಾಸ ಬೋಧನೆಯ ಸಮಯದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ ಹೀಗೆ ಬರೆದಿದ್ದಳು: ‘ಅಜ್ಜಿ ಬಾಗಿಲು ತೆಗೆದು, ಬಂದ ಹುಡುಗನನ್ನು ಒಳಗೆ ಕರೆದಳು.’ ನಮ್ಮ ಪ್ರಶಿಕ್ಷಣಾರ್ಥಿ ಆ ಅಲ್ಪವಿರಾಮಕ್ಕೆ ಕೆಂಪು ಸುತ್ತು ಹಾಕಿ ಅರ್ಧ ಅಂಕ ಕಳೆದಿದ್ದರು. ಕೇಳಿದರೆ, ಸರ್, ಪಟ್ಟಿಯಲ್ಲಿರುವ ಯಾವ ನಿಯಮಕ್ಕೂ ಇದು ಹೊಂದುವುದಿಲ್ಲ ಎಂದರು. ಅವರು ಹೇಳಿದ್ದು ನಿಜ, ಹೊಂದುವುದಿಲ್ಲ. ಈಗ ಆ ಅಲ್ಪವಿರಾಮವನ್ನು ತೆಗೆದು ಓದಿ: ‘ಅಜ್ಜಿ ಬಾಗಿಲು ತೆಗೆದು ಬಂದ ಹುಡುಗನನ್ನು ಒಳಗೆ ಕರೆದಳು.’ ಬಾಗಿಲು ತೆಗೆದವರು ಯಾರು? ಹುಡುಗನೇ ತೆಗೆದುಕೊಂಡು ಬಂದಂತಾಗುತ್ತದೆ. ಗಟ್ಟಿಯಾಗಿ ಓದುವವರು ದನಿಯಿಂದ ಇದನ್ನು ಬಿಡಿಸಿಬಿಡುತ್ತಾರೆ. ಮೌನವಾಗಿ ಓದುವವರ ಬಳಿ ಆ ದನಿಯಿಲ್ಲ. ಅಲ್ಲಿ ದನಿಯ ಕೆಲಸ ಮಾಡುವುದು ಆ ಕೊಕ್ಕೆಯೊಂದೇ. ಕನ್ನಡದಲ್ಲಿ ಇಂಥ ಇಕ್ಕಟ್ಟು ಅಪರೂಪವಲ್ಲ. ‘ಹೊಸದಾಗಿ ಬಂದ ಮೇಷ್ಟ್ರ ತಮ್ಮ’ ಎಂದರೆ ಹೊಸಬರು ಮೇಷ್ಟ್ರೋ ತಮ್ಮನೋ? ‘ಬಂದ’ ಎಂಬುದು ಮುಂದಿನ ಯಾವ ನಾಮಪದವನ್ನಾದರೂ ಹಿಡಿದುಕೊಳ್ಳಬಲ್ಲ ಪದ. ಇಂಗ್ಲಿಷ್ ವ್ಯಾಕರಣದಿಂದ ಎತ್ತಿಕೊಂಡ ನಿಯಮದ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲದಿರುವುದು ಆಶ್ಚರ್ಯವೇನಲ್ಲ.

ಅರ್ಧ ಅಂಕ ಹೋದದ್ದು ದೊಡ್ಡದಲ್ಲ. ಮುಂದಿನ ವಾರದ ಬರವಣಿಗೆಯಲ್ಲಿ ಆ ಹುಡುಗಿ ಒಂದೇ ಒಂದು ಅಲ್ಪವಿರಾಮವನ್ನೂ ಹಾಕಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಲ್ಪವಿರಾಮ ಬೇಕಾಗುವಂಥ ವಾಕ್ಯವನ್ನೇ ಬರೆದಿರಲಿಲ್ಲ. ಮಾಮ ಬಂದರು. ಚೀಲ ಇಟ್ಟರು. ನೀರು ಕುಡಿದರು. ಎಲ್ಲವೂ ಸರಿ, ಕೆಂಪು ಶಾಯಿಗೆ ಕೆಲಸವಿಲ್ಲ. ಅಜ್ಜಿ, ಬಾಗಿಲು, ಹುಡುಗ ಮೂವರನ್ನೂ ಒಂದು ವಾಕ್ಯದಲ್ಲಿ ಹಿಡಿದಿದ್ದ ಕೈ ಹಿಂದೆ ಸರಿದಿತ್ತು.

ಆಲ್ಡಸ್ 1501ರಲ್ಲಿ ಮಾಡಿದ ಕೆಲಸ ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೆ. ಅಲ್ಲಿಯವರೆಗೆ ವರ್ಜಿಲ್‌ನಂಥ ಕವಿಗಳ ಕೃತಿಗಳು ಮೇಜಿನ ಮೇಲಿಟ್ಟು ಓದಬೇಕಾದ ದೊಡ್ಡ ಪುಸ್ತಕಗಳಾಗಿದ್ದವು. ನಡುವೆ ನಾಲ್ಕು ಸಾಲು ಮೂಲ, ಸುತ್ತಲೂ ವ್ಯಾಖ್ಯಾನದ ಬೇಲಿ. ಆಲ್ಡಸ್ ಆ ವರ್ಷ ವರ್ಜಿಲ್‌ನನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಅಳತೆಯಲ್ಲಿ, ಗ್ರಿಫೊ ಕೈಬರಹದ ಮಾದರಿಯಲ್ಲಿ ಕೊರೆದ ಓರೆ ಅಕ್ಷರಗಳಲ್ಲಿ ತಂದ. ಇಂದು ಕಂಪ್ಯೂಟರಿನಲ್ಲಿ ಇಟಾಲಿಕ್ ಎನ್ನುವ ಅಕ್ಷರದ ಮೂಲ ಅದು. ವ್ಯಾಖ್ಯಾನವನ್ನು ಪೂರ್ತಿ ಬಿಟ್ಟುಬಿಟ್ಟ. ಹೋರೇಸ್, ಪೆಟ್ರಾರ್ಕ್, ಮರುವರ್ಷ ಡಾಂಟೆ, ಹೀಗೆ ಸಾಲಾಗಿ ಬಂದವು. ಓದುವವನು ಪುಸ್ತಕವನ್ನು ಹೊತ್ತುಕೊಂಡು ಹೋಗಿ ಎಲ್ಲೋ ಕುಳಿತು ಒಬ್ಬನೇ ಓದಬಹುದಾಯಿತು. ಪಕ್ಕದಲ್ಲಿ ಮೇಷ್ಟ್ರಿಲ್ಲ, ಅಂಚಿನಲ್ಲಿ ವ್ಯಾಖ್ಯಾನಕಾರನಿಲ್ಲ. ಹಾಗಾದರೆ ವಾಕ್ಯ ಎಲ್ಲಿ ಮಡಚಿಕೊಳ್ಳುತ್ತದೆ, ಯಾವ ತುಂಡು ಯಾವುದಕ್ಕೆ ಸೇರಿದ್ದು ಎಂದು ತೋರಿಸುವವರು ಯಾರು? ಪುಟದ ಮೇಲೆ ಉಳಿದದ್ದು ಅಲ್ಪವಿರಾಮ, ಅರ್ಧವಿರಾಮಗಳು. ಕಾರ್ಪಿಯ ಹುಡುಗರಿಗೆ ಬೆರಳಿಟ್ಟು ತೋರಿಸುತ್ತಿದ್ದ ಮೇಷ್ಟ್ರು ಈಗ ಆ ಬೆರಳನ್ನು ಸೀಸದ ಮೊಳೆಯಾಗಿ ಮಾಡಿಟ್ಟ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಇದು ನನ್ನ ಓದು, ಒಪ್ಪದವರು ಒಪ್ಪದಿರಬಹುದು.

ಅದೇ 1501ರಲ್ಲಿ ತನ್ನ ವ್ಯಾಕರಣವನ್ನು ಮತ್ತೆ ಅಚ್ಚು ಹಾಕಿದಾಗ ಆಲ್ಡಸ್ ಮುನ್ನುಡಿಯನ್ನು ಶಾಲಾ ಮೇಷ್ಟ್ರುಗಳನ್ನು ಉದ್ದೇಶಿಸಿ ಬರೆದ. ಮಕ್ಕಳಿಂದ ವ್ಯಾಕರಣದ ನಿಯಮಗಳನ್ನು ಬಾಯಿಪಾಠ ಮಾಡಿಸಬೇಡಿ, ಒಳ್ಳೆಯ ಲೇಖಕರನ್ನು ಓದಿಸಿ ಎಂಬುದು ಅದರ ಸಾರ. ವ್ಯಾಕರಣ ಪುಸ್ತಕ ಬರೆದವನೇ ಈ ಮಾತು ಹೇಳಿದ್ದು ಗಮನಿಸಬೇಕಾದದ್ದು.

ಅವನ ಚಿಕ್ಕ ಪುಸ್ತಕಗಳು ಎಷ್ಟು ಹೆಸರು ಮಾಡಿದವೆಂದರೆ ಫ್ರಾನ್ಸಿನ ಲಿಯೋನ್ ಪಟ್ಟಣದ ಮುದ್ರಕರು ಅದೇ ಅಳತೆ, ಅದೇ ಓರೆ ಅಕ್ಷರದಲ್ಲಿ ನಕಲಿ ಪ್ರತಿಗಳನ್ನು ಅಚ್ಚುಹಾಕಿ ಮಾರತೊಡಗಿದರು. ಆಲ್ಡಸ್ 1503ರಲ್ಲಿ ಒಂದು ಎಚ್ಚರಿಕೆಯ ಹಾಳೆ ಪ್ರಕಟಿಸಿದ. ನಕಲಿಯನ್ನು ಗುರುತಿಸುವುದು ಹೇಗೆಂದು ಓದುಗರಿಗೆ ತಿಳಿಯಲಿ ಎಂದು ಅವುಗಳಲ್ಲಿದ್ದ ಅಚ್ಚಿನ ತಪ್ಪುಗಳನ್ನು ಹೆಕ್ಕಿ ಪಟ್ಟಿ ಮಾಡಿದ. ಲಿಯೋನಿನವರು ಆ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ತಮ್ಮ ತಪ್ಪುಗಳನ್ನೆಲ್ಲ ತಿದ್ದಿಕೊಂಡು ಮತ್ತೆ ಮಾರಿದರು. ತಿದ್ದುವ ಕೆಲಸ ಮಾಡುವವರೆಲ್ಲ ನಗಬಹುದಾದ ಕಥೆ. ಇಷ್ಟು ಚೆನ್ನಾಗಿ ತಿದ್ದುಪಡಿಯನ್ನು ಬಳಸಿಕೊಂಡ ವಿದ್ಯಾರ್ಥಿಗಳು ನನಗೆ ಸಿಕ್ಕಿಲ್ಲ.

ಅಚ್ಚಿನ ಮನೆಯ ದಿನಚರಿ ಬಿರುಸಾದದ್ದು. ಸುಮ್ಮನೆ ಹರಟಲು ಬರುವವರ ಕಾಟ ತಡೆಯಲಾರದೆ ಆಲ್ಡಸ್ ಬಾಗಿಲ ಮೇಲೆ ಒಂದು ಫಲಕ ಹಾಕಿಸಿದ್ದ. ಕೆಲಸವಿದ್ದರೆ ಬೇಗ ಹೇಳಿ ಹೊರಡಿ, ಇಲ್ಲವೇ ಒಳಗೆ ಬಂದು ಹೆಗಲು ಕೊಡಿ ಎಂಬರ್ಥದ್ದು. ಅವನ ಮುದ್ರೆ ಲಂಗರಿಗೆ ಸುತ್ತಿಕೊಂಡ ಡಾಲ್ಫಿನ್. ಡಾಲ್ಫಿನ್ ವೇಗಕ್ಕೆ, ಲಂಗರು ನಿಧಾನಕ್ಕೆ. ವೆನಿಸ್‌ಗೆ 1508ರಲ್ಲಿ ಬಂದು ತನ್ನ ಗಾದೆಗಳ ದೊಡ್ಡ ಸಂಗ್ರಹವನ್ನು ಅಚ್ಚು ಹಾಕಿಸಿದ ಎರಾಸ್ಮಸ್ ಆ ಗದ್ದಲದ ನಡುವೆಯೇ ಒಂದು ಮೂಲೆಯಲ್ಲಿ ಕುಳಿತು ಬರೆಯುತ್ತಿದ್ದ. ಒಂದು ಕಡೆ ಅವನು ಬರೆದಂತೆಲ್ಲ ಇನ್ನೊಂದು ಕಡೆ ಮೊಳೆ ಜೋಡಿಸುತ್ತಿದ್ದರು. ಕರಡಚ್ಚನ್ನು ಒಬ್ಬ ತಿದ್ದುವವನು ನೋಡಿ, ಎರಾಸ್ಮಸ್ ನೋಡಿ ಆದ ಮೇಲೂ ಆಲ್ಡಸ್ ತಾನೊಮ್ಮೆ ಓದುತ್ತಿದ್ದ. ಇಬ್ಬರು ನೋಡಿದ್ದನ್ನು ಮತ್ತೇಕೆ ನೋಡುತ್ತೀ ಎಂದು ಕೇಳಿದ್ದಕ್ಕೆ, ಕಲಿಯುತ್ತಿದ್ದೇನೆ ಎಂಬರ್ಥದ ಉತ್ತರ ಬಂತೆಂದು ಎರಾಸ್ಮಸ್ ಮುಂದೆ ನೆನೆದಿದ್ದಾನೆ. ಆಲ್ಡಸ್ 1505ರಲ್ಲಿ ತೊರೆಸಾನಿಯ ಮಗಳು ಮರಿಯಳನ್ನು ಮದುವೆಯಾಗಿದ್ದ. ಮಾವನ ಮನೆಯ ಊಟ ಮಾತ್ರ ತೀರ ತೆಳುವಾಗಿತ್ತಂತೆ, ಎರಾಸ್ಮಸ್ ಮುಂದೆ ಅದನ್ನು ಗೇಲಿ ಮಾಡಿ ಒಂದು ಸಂಭಾಷಣೆಯನ್ನೇ ಬರೆದ.

ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. ವೆನಿಸ್ಸಿನ ವಿರುದ್ಧ ಯೂರೋಪಿನ ರಾಜರು ಒಟ್ಟಾಗಿ 1509ರಲ್ಲಿ ಯುದ್ಧಕ್ಕೆ ಬಂದಾಗ ಅಚ್ಚಿನ ಮನೆ ಮುಚ್ಚಿತು. ಆಲ್ಡಸ್ ಊರು ಬಿಟ್ಟು ಅಲೆದ. ಮತ್ತೆ ಕೆಲಸ ಶುರುವಾದದ್ದು 1512ರಲ್ಲಿ. ಮರುವರ್ಷ ಪ್ಲೇಟೊನ ಗ್ರೀಕ್ ಮೂಲ ಮೊದಲ ಸಲ ಅಚ್ಚಿನಲ್ಲಿ ಬಂತು. ಆಲ್ಡಸ್ ತೀರಿಕೊಂಡದ್ದು 1515ರ ಫೆಬ್ರವರಿ 6ರಂದು. ಅದಕ್ಕೆ ಕೆಲವೇ ವಾರ ಮುಂಚೆ ಬರೆಸಿದ ಉಯಿಲಿನಲ್ಲಿ ಮಕ್ಕಳು, ಆಸ್ತಿ, ಸಮಾಧಿಯ ಮಾತುಗಳ ನಡುವೆ ಒಂದು ಮಾತು ಅಕ್ಷರಗಳ ಬಗ್ಗೆಯೂ ಇದೆ. ಓರೆ ಅಕ್ಷರದ ದೊಡ್ಡಕ್ಷರಗಳನ್ನು ಒಬ್ಬ ಒಳ್ಳೆಯ ಕೆತ್ತನೆಗಾರನಿಂದ ಸರಿಪಡಿಸಿ ಪೂರ್ತಿ ಮಾಡಿಸಬೇಕೆಂದು ಮಾವನಿಗೆ ಕೇಳಿಕೊಂಡಿದ್ದಾನೆ. ಸಾನ್ ಪತೆರ್ನಿಯಾನ್ ಚರ್ಚಿನಲ್ಲಿ ಶವದ ಸುತ್ತ ಅವನು ಅಚ್ಚುಹಾಕಿದ ಪುಸ್ತಕಗಳನ್ನು ಜೋಡಿಸಿಟ್ಟಿದ್ದರು.

ಮಗ ಪೌಲುಸ್ ಆಗ ಎರಡು ಮೂರು ವರ್ಷದ ಮಗು. ಮುಂದೆ ಅವನೂ ಮುದ್ರಕನಾದ. ಅವನ ಮಗ, ಅಜ್ಜನ ಹೆಸರನ್ನೇ ಹೊತ್ತ ಕಿರಿಯ ಆಲ್ಡಸ್, 1566ರಲ್ಲಿ ಲ್ಯಾಟಿನ್ ಕಾಗುಣಿತದ ತನ್ನ ಪುಸ್ತಕಕ್ಕೆ ಲೇಖನ ಚಿಹ್ನೆಗಳ ವಿವರಣೆಯನ್ನೂ ಸೇರಿಸಿದ. ಚಿಹ್ನೆಗಳ ಮುಖ್ಯ ಉದ್ದೇಶ ವಾಕ್ಯರಚನೆಯನ್ನು ಸ್ಪಷ್ಟಪಡಿಸುವುದು ಎಂದು ಅವನು ಅದರಲ್ಲಿ ನೇರವಾಗಿ ಹೇಳಿದ. ಉಸಿರಿನಿಂದ ಹೊರಟ ಅಲ್ಪವಿರಾಮ ಅರ್ಥದ ಕಡೆಗೆ ಹೀಗೆ ತಿರುಗಿತು. ಪೂರ್ತಿ ತಿರುಗಿತೆಂದು ಹೇಳಲಾರೆ. ಇಂದಿಗೂ ಎರಡೂ ಒಟ್ಟಿಗೆ ಎಳೆಯುತ್ತವೆ. ಅಜ್ಜನ ಕಾಲದ ಲ್ಯಾಟಿನ್ ಪುಸ್ತಕಗಳನ್ನು ಇಂದು ಸಂಪಾದಿಸುವವರು ಅವುಗಳಲ್ಲಿನ ಎಷ್ಟೋ ಅಲ್ಪವಿರಾಮಗಳನ್ನು ತೆಗೆದುಹಾಕುತ್ತಾರೆ. ಆಗಿನವರಿಗೆ ಬೇಕೆನಿಸಿದ್ದು ಈಗಿನವರಿಗೆ ಹೆಚ್ಚೆನಿಸುತ್ತದೆ.

ಕನ್ನಡಕ್ಕೆ ಈ ಕೊಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅಚ್ಚಿನ ಮೊಳೆಗಳ ಜೊತೆಯಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಮುದ್ರಣಾಲಯ ಶುರುವಾದದ್ದು 1841ರಲ್ಲಿ, ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು 1843ರಲ್ಲಿ. ಗದ್ಯ ಬೆಳೆಯಿತು, ಶಾಲೆಗಳು ಬಂದವು, ಗಮಕಿಯ ಕಿವಿಯಿಲ್ಲದೆ ಒಬ್ಬರೇ ಕುಳಿತು ಓದುವವರು ಹೆಚ್ಚಿದರು, ಚಿಹ್ನೆ ಬೇಕಾಯಿತು. ಆದರೆ ನಮ್ಮ ವಾಕ್ಯದ ಮೈಕಟ್ಟು ಬೇರೆ. ‘ರಾಮನೂ ಲಕ್ಷ್ಮಣನೂ ಸೀತೆಯೂ’ ಎಂದು ಬರೆದರೆ ಆ ‘ಊ’ಗಳೇ ಬೇಲಿ ಹಾಕಿರುತ್ತವೆ, ಅಲ್ಪವಿರಾಮ ಅಲ್ಲಿ ಬಿಟ್ಟಿ ಅತಿಥಿ. ‘ಬಂದು’, ‘ಹೋಗಿ’, ‘ಮಾಡಿ’ ಎಂಬ ಅಪೂರ್ಣ ಕ್ರಿಯೆಗಳು ತಾವೇ ಮುಂದಿನದಕ್ಕೆ ಕೈಚಾಚಿರುತ್ತವೆ. ‘ಮನೆಗೆ ಬಂದು ಊಟ ಮಾಡಿ ಮಲಗಿದ’ ಎಂಬಲ್ಲಿ ನಾನು ಏನನ್ನೂ ಹಾಕುವುದಿಲ್ಲ. ಕೆಲಸಗಳು ಉದ್ದವಾಗಿ, ಒಂದೊಂದಕ್ಕೂ ಅದರದೇ ಪರಿವಾರವಿದ್ದಾಗ ಮಾತ್ರ ಹಾಕುತ್ತೇನೆ. ‘ಆದ್ದರಿಂದ’ ಎಂಬುದರ ನಂತರ ಬೇಡ ಎನ್ನುವುದು ನನ್ನ ರುಚಿ. ನಿಯಮವೆಂದು ಅದನ್ನು ಯಾರ ಮೇಲೂ ಹೇರುವುದಿಲ್ಲ.

ಆ ಪ್ರಶಿಕ್ಷಣಾರ್ಥಿಯ ಜೊತೆ ಅಂದು ಮಧ್ಯಾಹ್ನ ಕುಳಿತು ಮಾಡಿದ್ದು ಇಷ್ಟೇ. ಹುಡುಗಿಯ ವಾಕ್ಯವನ್ನು ಎರಡು ಚೀಟಿಗಳಲ್ಲಿ ಬರೆದೆವು, ಒಂದರಲ್ಲಿ ಅಲ್ಪವಿರಾಮವಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಅಂಗಳದಲ್ಲಿ ಬುತ್ತಿ ಉಣ್ಣುತ್ತಿದ್ದ ಮಕ್ಕಳಿಗೆ ಕೊಟ್ಟು, ಗಟ್ಟಿಯಾಗಿ ಓದಬೇಡಿ, ಬಾಗಿಲು ತೆ���ೆದದ್ದು ಯಾರೆಂದು ಮಾತ್ರ ಹೇಳಿ ಎಂದೆವು. ಅಲ್ಪವಿರಾಮವಿದ್ದ ಚೀಟಿ ಸಿಕ್ಕವರು ಅಜ್ಜಿ ಎಂದರು. ಇಲ್ಲದ ಚೀಟಿಯವರು ಹುಡುಗ ಎಂದರು, ಒಬ್ಬ ಮಾತ್ರ ಬಾಗಿಲು ಮೊದಲೇ ತೆಗೆದಿತ್ತು ಎಂದ. ಪ್ರಶಿಕ್ಷಣಾರ್ಥಿ ಅರ್ಧ ಅಂಕವನ್ನು ಹಿಂದಿರುಗಿಸಿ, ಆ ಹುಡುಗಿಯನ್ನು ಕರೆದು ಆ ವಾಕ್ಯವನ್ನು ಹಲಗೆಯ ಮೇಲೆ ಅವಳಿಂದಲೇ ಬರೆಸಿದರು. ಅವಧಿ ಮುಗಿದ ಮೇಲೆ ಅವರು ನನ್ನ ಬಳಿ ಬಂದು ಕೇಳಿದ್ದು, ‘ಎಂದು’ ಎಂಬ ಪದದ ಹಿಂದೆ ಅಲ್ಪವಿರಾಮ ಹಾಕಬೇಕೋ ಬೇಡವೋ ಎಂದು. ಆ ಜಾಗದಲ್ಲಿ ನಾನು ಇಂದಿಗೂ ಒಮ್ಮೆ ಹಾಕುತ್ತೇನೆ, ಒಮ್ಮೆ ಬಿಡುತ್ತೇನೆ. ಅವರಿಗೂ ಹಾಗೆಯೇ ಹೇಳಿದೆ.